ಶೈಲಾನ ನಾಯಿ

ಹೊಂಬಳದಲ್ಲಿ ತವರಿನಿಂದ ಬಂದ ಹೊಲದ ಶೇಂಗಾ ಕೀಳಿಸಿ, ನಾಲ್ಕು ದಿನದ ಮೇಲೆ ಸುಮಿತ್ರವ್ವ ಲಕ್ಷ್ಮೇಶ್ವರದ ಮನೆಗೆ ಮರಳಿದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಹಸಿ ಶೇಂಗಾದ ಚೀಲವನ್ನು ಪಡಸಾಲೆಯಲ್ಲಿ ಇಳಿಸಿ, ಕಾಲು ತೊಳೆದುಕೊಂಡು ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು:

"ಚುರಮುರಿ ಎಲ್ಲಿ?"

ಗಂಡ ಚನ್ನಬಸವಣ್ಣ ರೊಟ್ಟಿ ಮುರಿಯುತ್ತಿದ್ದ. ಕಿರಿಯ ಮಗ ನಂದೀಶ ತಾಟಿನಿಂದ ತಲೆ ಎತ್ತಲಿಲ್ಲ. ಅವನ ಹೆಂಡತಿ ಕಾಂಚನಾ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತ, "ಅತ್ತಿ, ಮೊದ್ಲ ಊಟಾ ಮಾಡ್ರಿ," ಅಂದಳು.

"ನಾಯಿ ಎಲ್ಲೈತಿ ಅಂತ ಕೇಳಿದೆ."

"ನಿಮ್ಮ ಮಗನ್ನ ಕೇಳ್ರಿ. ನಾ ಬ್ಯಾಡ ಬ್ಯಾಡ ಅಂತ ಬಡಕೊಂಡೆ."

ನಂದೀಶ ಬಾಯಲ್ಲಿದ್ದ ತುತ್ತು ನುಂಗಿದ. "ಮುಂಡರಗಿ ಸಕ್ರಪ್ಪ ಬಂದಿದ್ದ. ಅವನ ಗೋದಾಮಿನ್ಯಾಗ ಇಲಿ ಭಾಳ ಆಗ್ಯಾವಂತ. ಒಯ್ಯಿ ಅಂತ ಕೊಟ್ಟು ಕಳಿಸೇನಿ."

"ಇಲಿ ಹಿಡಿಯಾಕ ಬೆಕ್ಕು ಒಯ್ತಾರೋ, ನಾಯಿ ಒಯ್ತಾರೋ?"

"ಅವ್ವಾ, ಕೂದ್ಲಾ ಅಂದ್ರ ಕೂದ್ಲಾ. ಗಾದಿ ಮ್ಯಾಲ ಕೂದ್ಲಾ, ಅಂಗಿ ಮ್ಯಾಲ ಕೂದ್ಲಾ. ಯಾರ್ ಬಂದ್ರೂ ಬೊಗಳತೈತಿ. ನೀನೂ ಊರಾಗ ಇರ್ಲಿಲ್ಲ. ಯಾರ್ ನೋಡ್ಕೋಬೇಕು ಅದನ್ನ?"

ಸುಮಿತ್ರವ್ವ ಮಗನನ್ನು ಬಿಟ್ಟು ಗಂಡನ ಕಡೆ ತಿರುಗಿದಳು. "ಮನ್ಯಾಗ ನಾಯಿ ಇಲ್ಲ ಅನ್ನೂದು ನಿಮಗ ಯಾವಾಗ ಗೊತ್ತಾತ್ರಿ?"

ಚನ್ನಬಸವಣ್ಣ ರೊಟ್ಟಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. "ಸಂಜಿಕ್ಕ ಕಾಣ್ಲಿಲ್ಲ. ನೀ ಹೊಂಬಳಕ್ಕ ಒಯ್ದಿ ಅಂತ ತಿಳ್ಕೊಂಡಿದ್ದೆ."

"ನಾ ನಿಮ್ಮ ಮುಂದನ ಬಸ್ ಹತ್ತಿದೆ. ನೀವ ಬಂದು ಹತ್ತಿಸಿದ್ರಿ. ನನ್ನ ಕೈಯಾಗ ನಾಯಿ ಇತ್ತೇನು?"

ಕಾಂಚನಾ ಅತ್ತೆಯ ಮುಂದೆ ತಾಟು ಇಟ್ಟಳು. ಸುಮಿತ್ರವ್ವ ಅದನ್ನು ಬದಿಗೆ ಸರಿಸಿ, ಈಗಷ್ಟೇ ಕಳಚಿಟ್ಟಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟುಬಿಟ್ಟಳು.

ಚುರಮುರಿ ಬಿಳಿ ಕೂದಲಿನ ಸಣ್ಣ ಪಾಮೇರಿಯನ್ ನಾಯಿ, ಹೆಣ್ಣು. ಸುಮಿತ್ರವ್ವನ ಹಿರಿಯ ಮಗ ವೀರು ಅದನ್ನು ಹುಬ್ಬಳ್ಳಿಯಿಂದ ಅಂಗಿಯೊಳಗೆ ಇಟ್ಟುಕೊಂಡು ತಂದು, ಹೆಂಡತಿ ಶೈಲಾಳ ಉಡಿಯಲ್ಲಿ ಹಾಕಿದ್ದ. "ತಗೋ, ಇದು ನಿಂದು. ಇನ್ನ ಬ್ಯಾಸರಾಗತೈತಿ ಅಂತ ನನ್ನ ತಲಿ ತಿನ್ನಬ್ಯಾಡ," ಅಂದಿದ್ದ. ಮರುವರ್ಷ ಡೆಂಗೀ ಜ್ವರ ಬಂದು ವೀರು ತೀರಿಕೊಂಡ. ಮಕ್ಕಳಿರಲಿಲ್ಲ. ಎರಡು ವರ್ಷ ನೋಡಿ, ಸುಮಿತ್ರವ್ವ ತಾನೇ ಮುಂದೆ ನಿಂತು ಸೊಸೆಗೆ ಇನ್ನೊಂದು ಮದುವೆ ಮಾಡಿದಳು. ಗಂಡು ಬೆಟಗೇರಿಯ ನೇಕಾರರ ಮನೆಯ ಸೋಮೇಶ, ಅಹಮದಾಬಾದಿನ ಬಟ್ಟೆ ಗಿರಣಿಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುವವನು. ಶೈಲಾಗೆ ತಾಯಿ ಇರಲಿಲ್ಲ. ಅಣ್ಣನೊಬ್ಬ ಶಿರಹಟ್ಟಿಯಲ್ಲಿದ್ದ, ಹೆಸರಿಗೆ ಮಾತ್ರ. ಹಾಗಾಗಿ ಅಕ್ಕಿಕಾಳು ಹಾಕಿ ಕಳಿಸಿಕೊಟ್ಟವಳೂ ಸುಮಿತ್ರವ್ವನೇ.

ಆ ಮದುವೆಗೆ ಚನ್ನಬಸವಣ್ಣ ಬಂದಿರಲಿಲ್ಲ. "ಬ್ಯಾಡ ಅನ್ನಂಗಿಲ್ಲ. ಆದ್ರ ನನಗ ಅಲ್ಲಿ ನಿಂದ್ರಾಕ ಆಗಂಗಿಲ್ಲ," ಅಂದವನು ಆ ದಿನವಿಡೀ ತನ್ನ ದಲಾಲಿ ಅಂಗಡಿಯಲ್ಲಿ ಕೂತಿದ್ದ. ಶೈಲಾ ಹೊರಡುವಾಗ ನಾಯಿಯನ್ನು ಕೇಳಿದಳು. "ಅದು ವೀರೂನ ನಾಯಿ. ಮನ್ಯಾಗ ಇರ್ಲಿ," ಎಂದು ಅವನು ಹೇಳಿಕಳಿಸಿದ. ಅವಳು ಮರುಮಾತಾಡದೆ ಹೋದಳು. ಅಂದಿನಿಂದ ಅವಳ ಫೋನು ಬಂದಾಗಲೆಲ್ಲ ಅವನು ಎದ್ದು ಹೊರಗೆ ಹೋಗುತ್ತಿದ್ದ.

ಮುಂಡರಗಿಯ ಗೋದಾಮಿನಲ್ಲಿ ಕಡಲೆ ಚೀಲಗಳ ಸಂದಿಯಲ್ಲಿ ನಾಯಿಯನ್ನು ಗೋಣಿಹಗ್ಗದಿಂದ ಕಟ್ಟಿದ್ದರು. ಧೂಳು ಮೆತ್ತಿ ಮೈ ಬೂದಿಬಣ್ಣಕ್ಕೆ ತಿರುಗಿತ್ತು. ಸುಮಿತ್ರವ್ವನ ದನಿ ಕೇಳಿದ್ದೇ ಹಗ್ಗ ಜಗ್ಗಿ ಜಗ್ಗಿ ಕೂಗತೊಡಗಿತು.

"ನಂದೀಶಗ ಬ್ಯಾಡಾಗಿತ್ತು ಅಂದ್ನರಿ ಅವ್ವಾರ, ಅದಕ್ಕ ತಂದೆ," ಅಂದ ಸಕ್ರಪ್ಪ, ತಲೆ ಕೆರೆದುಕೊಳ್ಳುತ್ತ.

"ಅಂವಗ ಬ್ಯಾಡಾಗಿದ್ದೀತು. ನಾಯಿ ಅಂವಂದಲ್ಲ. ಹಗ್ಗಾ ಬಿಚ್ಚು."

ಮರಳುವ ಬಸ್ಸಿನಲ್ಲಿ ಅವಳು ನಾಯಿಯನ್ನು ಸೆರಗಿನಲ್ಲಿ ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಕಂಡಕ್ಟರ್ ಬಂದು ಬಗ್ಗಿ ನೋಡಿದ.

"ನಿಮಗ ಫ್ರೀ ಐತ್ರಿ. ನಾಯಿಗೆ ಟಿಕೆಟ್ ತಗೀಬೇಕಾಗತೈತಿ."

"ಇದೂ ಹೆಣ್ಣ ಐತಪ್ಪ."

"ಹಂಗಾರ ಅದರ ಆಧಾರ್ ಕಾರ್ಡ್ ತೋರಿಸ್ರಿ."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಸುಮಿತ್ರವ್ವನೂ ನಕ್ಕು ಟಿಕೆಟ್ ತೆಗೆದಳು. ಶಿರಹಟ್ಟಿ ದಾಟುವಷ್ಟರಲ್ಲಿ ಅವಳ ಮನಸ್ಸು ಒಂದು ನಿರ್ಧಾರಕ್ಕೆ ಬಂದಿತ್ತು.

ಮನೆಗೆ ಬಂದವಳು ನಾಯಿಗೆ ಬಿಸಿನೀರಿನ ಸ್ನಾನ ಮಾಡಿಸಿ, ಪಡಸಾಲೆಯಲ್ಲಿ ಬಿಟ್ಟು, ಚಹಾಕ್ಕೆ ಎಲ್ಲರೂ ಸೇರಿದಾಗ ಹೇಳಿದಳು. "ದೀಪಾವಳಿಗಿಂತ ಮೊದ್ಲ ಇದನ್ನ ಶೈಲಾಗ ಒಯ್ದು ಕೊಟ್ಟು ಬರ್ತೀನಿ."

"ಅಹಮದಾಬಾದಿಗೆ?" ನಂದೀಶ ಚಹಾದ ಬಟ್ಟಲು ಕೆಳಗಿಟ್ಟ. "ಹೆಂಗ ಒಯ್ತಿ?"

"ಅದನ್ನ ನೀವು ಹೇಳ್ರಿ. ಕಲ್ತಾವ್ರು ಇದ್ದೀರಿ."

"ರೈಲಿನ್ಯಾಗ ಬುಕ್ ಮಾಡಿದ್ರ ಒಯ್ತಾರ. ಹಿಂದ ಸಾಮಾನಿನ ಡಬ್ಬಿ ಇರತೈತಲ್ಲ, ಅದರಾಗ ನಾಯಿ ಹಾಕೂ ಪೆಟ್ಟಿಗಿ ಇರತೈತಿ."

"ಎಷ್ಟೊತ್ತಿನ ದಾರಿ?"

"ಒಂದು ಹಗಲು, ಒಂದು ರಾತ್ರಿ. ಮ್ಯಾಲ ಮತ್ತಷ್ಟು."

"ಕತ್ತಲಾಗ ಒಂದ ಇರಬೇಕು ಅದು?" ಸುಮಿತ್ರವ್ವ ತಲೆಯಾಡಿಸಿದಳು. "ನಿಮ್ಮಣ್ಣ ಅಂಗ್ಯಾಗ ಇಟ್ಕೊಂಡು ತಂದಾನ ಇದನ್ನ. ನಾ ಸಾಮಾನಿನ ಜೋಡಿ ಹಾಕಂಗಿಲ್ಲ."

ಅಷ್ಟರಲ್ಲಿ ಕಾಂಚನಾ ಮೊಬೈಲಿನಲ್ಲಿ ಹುಡುಕಿ ಮುಗಿಸಿದ್ದಳು. "ಅತ್ತಿ, ವಿಮಾನದಾಗ ಒಯ್ಯಬಹುದು! ನಿಮ್ಮ ಜೋಡೀನ, ಒಳಗ. ಚೀಲದಾಗ ಹಾಕಿ ಕಾಲ ಕೆಳಗ ಇಟ್ಕೋಬೇಕಂತ. ಎಲ್ಲಾರೂ ಬಿಡಂಗಿಲ್ಲ, ಒಂದೋ ಎರಡೋ ಕಂಪನಿಯವ್ರು ಬಿಡ್ತಾರ. ಬೆಂಗಳೂರಿಂದ ನೇರ ಐತಿ."

"ನಾಯಿಗೆ ವಿಮಾನ!" ನಂದೀಶ ಅಪ್ಪನ ಮುಖ ನೋಡಿದ. "ಅಪ್ಪಾ, ಕೇಳಿದ್ಯಾ? ನಾನ ಇನ್ನೂ ವಿಮಾನ ಹತ್ತಿಲ್ಲ. ಜನಾ ಏನಂತಾರ?"

"ನಿನ್ನ ರೊಕ್ಕ ಕೇಳಿಲ್ಲಪಾ. ನನ್ನ ಹೊಲದ ಶೇಂಗಾ ಬಂದಾವ," ಅಂದಳು ಸುಮಿತ್ರವ್ವ.

"ರೊಕ್ಕದ ಮಾತಲ್ಲ ಅವ್ವಾ. ಬೇಕಿದ್ರ ಆಕೀನ ಬಂದು ಒಯ್ಯಲಿ."

ಆ ಮಾತು ಸುಮಿತ್ರವ್ವನಿಗೂ ಸರಿ ಅನ್ನಿಸಿತು. ಅಲ್ಲೇ ಕೂತು ಫೋನು ಹಚ್ಚಿದಳು. ಚನ್ನಬಸವಣ್ಣ ಎಂದಿನಂತೆ ಎದ್ದು ಕಟ್ಟೆಗೆ ಹೋದ. ವಿಷಯ ಕೇಳಿದ ಶೈಲಾ, "ಖರೇನ ಅತ್ತಿ? ನನಗ ಕೊಡ್ತೀರಿ?" ಅಂದಳು.

"ಕೊಡ್ತೀನಿ. ಬಂದು ಒಯ್ತಿಯೇನು?"

"ಈಗ ಬರಾಕ ಆಗಂಗಿಲ್ರಿ."

"ಯಾಕವ್ವ?"

"ಹಂಗ... ಆಗಂಗಿಲ್ಲ ಅತ್ತಿ. ಇವ್ರಿಗೂ ಹಬ್ಬದ ಆರ್ಡರ್ ಅದಾವ, ರಜಾ ಸಿಗಂಗಿಲ್ಲ."

ಸುಮಿತ್ರವ್ವ ಕೆದಕಿ ಕೇಳುವ ಹೆಂಗಸಲ್ಲ. "ಆತು ಬಿಡು, ನಾನ ಬರ್ತೀನಿ," ಅಂದು ಫೋನು ಇಟ್ಟಳು. ನಂದೀಶ, "ನೋಡಿದ್ಯಾ, ಆಕಿಗ ಬರಾಕ ಮನಸಿಲ್ಲ," ಅಂದ.

ಮರುದಿನದಿಂದ ಮನೆಯಲ್ಲಿ ತಯಾರಿ ಶುರುವಾಯಿತು. ಸರಕಾರಿ ಪಶು ಆಸ್ಪತ್ರೆಯ ಡಾಕ್ಟರು ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿ, ಹೊರಡುವ ಹಿಂದಿನ ದಿನ ಬಂದರೆ ಆರೋಗ್ಯದ ಸರ್ಟಿಫಿಕೇಟ್ ಬರೆದುಕೊಡುತ್ತೇನೆ ಅಂದರು. ಕಾಂಚನಾ ಜಾಳಿಗೆ ಇರುವ ಮೆತ್ತನೆಯ ಚೀಲವೊಂದನ್ನು ತರಿಸಿದಳು. ಚೀಲ ನೋಡಿದ ಕೂಡಲೇ ಚುರಮುರಿ ಮಂಚದ ಕೆಳಗೆ ಸೇರಿಕೊಂಡಿತು. ಸುಮಿತ್ರವ್ವ ಅವಸರ ಮಾಡಲಿಲ್ಲ. ಚೀಲವನ್ನು ಅಡುಗೆಮನೆಯ ಮೂಲೆಯಲ್ಲಿ ತೆರೆದಿಟ್ಟು, ಅದರೊಳಗೆ ಶೈಲಾಳ ಹಳೆಯ ಕುಪ್ಪಸ ಹಾಸಿ, ರೊಟ್ಟಿಯ ಚೂರು ಎಸೆದು, ತನ್ನ ಪಾಡಿಗೆ ಕಾಳು ಹಸನು ಮಾಡುತ್ತ ಕೂತಳು. ವಾರ ತುಂಬುವಷ್ಟರಲ್ಲಿ ನಾಯಿ ಚೀಲದಲ್ಲೇ ಮಧ್ಯಾಹ್ನದ ನಿದ್ದೆ ಹೊಡೆಯತೊಡಗಿತು.

ತೊಂದರೆ ಬಂದದ್ದು ತೂಕದ್ದು. ಚೀಲ ಸಮೇತ ಏಳು ಕಿಲೋ ಮೀರಬಾರದು ಎಂದು ವಿಮಾನದವರ ನಿಯಮ. ಕಾಂಚನಾ ನಾಯಿಯನ್ನು ಅಂಗಡಿಗೆ ಒಯ್ದು, ಕಡಲೆ ತೂಗುವ ಯಂತ್ರದ ಮೇಲೆ ಚೀಲ ಸಮೇತ ಇಟ್ಟಳು. ಕುರ್ತಕೋಟಿಯಿಂದ ಬಂದ ರೈತರು ಸುತ್ತ ನೆರೆದರು.

"ಏನ್ ದರಾ ಕಟ್ಟೀರಿ ಸಾವ್ಕಾರ್ರ ಈ ಮಾಲಿಗೆ?" ಅಂದ ಒಬ್ಬ.

ಚನ್ನಬಸವಣ್ಣ ಗಾದಿಯ ಮೇಲೆ ಕೂತಲ್ಲೇ ಮುಖ ತಿರುಗಿಸಿದ. ಯಂತ್ರ ಏಳೂ ಮುಕ್ಕಾಲು ತೋರಿಸಿತು.

ಅಂದಿನಿಂದ ನಾಯಿಗೆ ಬೆಣ್ಣೆ ರೊಟ್ಟಿ ಬಂದ್, ಬಿಸ್ಕೀಟು ಬಂದ್. ಅಳತೆ ಮಾಡಿ ಅನ್ನ, ಮಜ್ಜಿಗೆ, ಬೇಯಿಸಿದ ಗಜ್ಜರಿ. ಕಾಂಚನಾ ಬೆಳಿಗ್ಗೆ ಸಂಜೆ ಓಣಿ ಸುತ್ತಿಸಿ ತರುತ್ತಿದ್ದಳು. ಹತ್ತು ದಿನ ಬಿಟ್ಟು ತೂಗಿದರೆ ಏಳೂ ಮುಕ್ಕಾಲಿನ ಮೇಲೆ ಮತ್ತೊಂದಿಷ್ಟು.

"ಯಂತ್ರ ಕೆಟ್ಟೈತೇನೋ," ಅಂದಳು ಸುಮಿತ್ರವ್ವ.

"ಯಂತ್ರ ಕೆಟ್ರ ನಮ್ಮ ಅಂಗಡಿ ಬಾಗ್ಲಾ ಹಾಕಬೇಕಾಗತೈತಿ," ಅಂದ ನಂದೀಶ. "ನಾಯಿಗೇ ಹೋಗೂ ಮನಸಿಲ್ಲವ್ವಾ. ಬಿಟ್ಟುಬಿಡು."

ಮೂರನೆಯ ದಿನ ಮಧ್ಯಾಹ್ನ ಗುಟ್ಟು ಹೊರಬಿತ್ತು. ಸುಮಿತ್ರವ್ವ ಹಿತ್ತಲಿನಲ್ಲಿ ಒಣಗಿದ ಬಟ್ಟೆ ತೆಗೆದುಕೊಂಡು ಬರುತ್ತಿದ್ದಳು. ಪಡಸಾಲೆಯ ಕಿಟಕಿಯಿಂದ ನೋಡಿದರೆ, ಊಟಕ್ಕೆ ಬಂದ ಗಂಡ ಕುರ್ಚಿಯಲ್ಲಿ ಕೂತಿದ್ದಾನೆ. ಕೈ ಕುರ್ಚಿಯ ಕೆಳಗೆ ಇಳಿದಿದೆ. ಕೈಯಲ್ಲಿ ಶೇಂಗಾ ಉಂಡಿ. ಚುರಮುರಿ ಎರಡು ಕಾಲಲ್ಲಿ ನಿಂತು ಅದನ್ನು ಸದ್ದಿಲ್ಲದೆ ನೆಕ್ಕಿ ನೆಕ್ಕಿ ತಿನ್ನುತ್ತಿದೆ.

"ಏನ್ರಿ ಇದು?"

ಚನ್ನಬಸವಣ್ಣ ಬೆಚ್ಚಿಬಿದ್ದು ಕೈ ಹಿಂದೆಳೆದುಕೊಂಡ. ಉಂಡಿ ನೆಲದ ಮೇಲೆ ಉರುಳಿತು. ನಾಯಿ ಅದರ ಹಿಂದೆ ಓಡಿತು.

"ಹಸಗೊಂಡಿತ್ತು," ಅಂದ.

"ದಿನಾ ಹಸಗೊಂಡಿತ್ತೇನು? ನಾನೂ ಸೊಸಿನೂ ಇಪ್ಪತ್ತು ದಿನಾತು ಅದರ ಜೋಡಿ ಒದ್ದಾಡಾಕ ಹತ್ತೀವಿ. ನೀವು ಇಲ್ಲಿ ಕುಂತು ಉಂಡಿ ತಿನಸಾಕ ಹತ್ತೀರಿ! ಒಯ್ಯಬ್ಯಾಡ ಅಂತ ಬಾಯಿಬಿಟ್ಟು ಹೇಳ್ರಿ, ಕೇಳ್ತೀನಿ."

ಗದ್ದಲ ಕೇಳಿ ಕಾಂಚನಾ, ನಂದೀಶ ಬಾಗಿಲಿಗೆ ಬಂದು ನಿಂತರು. ಚನ್ನಬಸವಣ್ಣನ ದನಿ ಏರಿತು.

"ಒಯ್ಯಬ್ಯಾಡ! ಆತೇನು? ಸಂಜಿಕ್ಕ ಅದು ಬಂದು ಕಾಲಾಗ ಕುಂಡ್ರತೈತಿ. ಅಂವ ಬಂದಂಗ ಆಗತೈತಿ ನನಗ. ಇರೂದು ಅದೊಂದ. ಅದನ್ನೂ ಒಯ್ದು ಯಾರಿಗೋ ಕೊಡ್ತಿ ನೀನು."

"ಯಾರಿಗೋ ಅಲ್ಲ, ಶೈಲಾಗ."

"ಆಕಿ ಈಗ ಬ್ಯಾರೇದವ್ರ ಮನಿಯಾಕಿ."

"ನಾ ಕೊಟ್ಟ ಮನಿಯಾಕಿ," ಅಂದಳು ಸುಮಿತ್ರವ್ವ. ಬಟ್ಟೆಗಳನ್ನು ಮಂಚದ ಮೇಲೆ ಹಾಕಿ ಗಂಡನ ಎದುರಿಗೆ ಬಂದು ಕೂತಳು. "ನನಗೂ ಹಂಗ ಆಗತೈತ್ರಿ. ಅದು ಬಾಗಲಾ ಕೆರದ್ರ ಸಾಕು, ವೀರು ಬಂದ ಅಂತ ಏಳ್ತೀನಿ. ನಾ ಹೆತ್ತಾಕಿ. ಆದ್ರ ಅಂವ ಅದನ್ನ ತಂದು ಹಾಕಿದ್ದು ನನ್ನ ಉಡ್ಯಾಗಲ್ಲ, ನಿಮ್ಮ ಉಡ್ಯಾಗೂ ಅಲ್ಲ. ಇದು ನಿಂದು ಅಂತ ಆಕಿಗೆ ಕೊಟ್ಟ. ಕೊಟ್ಟಿದ್ದನ್ನ ಇಸ್ಕೊಂಡಾವ್ರು ನಾವು. ಇಸ್ಕೊಂಡು ಏನ್ ಮಾಡಿದ್ವಿ? ಮುಂಡರಗಿ ಗೋದಾಮಿನ್ಯಾಗ ಕಟ್ಟಿದ್ವಿ."

ನಂದೀಶ ನೆಲ ನೋಡಿದ. ಚನ್ನಬಸವಣ್ಣ ಟೊಪ್ಪಿಗೆ ತೆಗೆದು ಮೊಳಕಾಲ ಮೇಲಿಟ್ಟುಕೊಂಡ. ಆಮೇಲೆ ಊಟವನ್ನೂ ಮಾಡದೆ ಅಂಗಡಿಗೆ ಹೋದ.

ಎರಡು ದಿನ ಗಂಡ ಹೆಂಡತಿಗೆ ಮಾತಿಲ್ಲ. ತಾಟು ಇಟ್ಟರೆ ಉಣ್ಣುವನು, ಚಹಾ ಕೊಟ್ಟರೆ ಕುಡಿಯುವನು. ಕಾಂಚನಾ ನಡುವೆ ನಿಂತು, "ಮಾವಾರ, ಇನ್ನೊಂದು ರೊಟ್ಟಿ ಹಾಕ್ಲಿ? ಅತ್ತಿ ಕೇಳಾಕ ಹತ್ತ್ಯಾರ," ಎನ್ನುತ್ತಿದ್ದಳು, ಅತ್ತೆ ಹಾಗೆ ಕೇಳಿಯೇ ಇರದಿದ್ದರೂ.

ಮೂರನೆಯ ಬೆಳಿಗ್ಗೆ ಸುಮಿತ್ರವ್ವ ಅಂಗಳಕ್ಕೆ ನೀರು ಹಾಕುತ್ತಿದ್ದಾಗ ಚನ್ನಬಸವಣ್ಣ ಧೋತರ ಎತ್ತಿ ಕಟ್ಟಿ, ನಾಯಿಯ ಸರಪಳಿ ಹಿಡಿದು ಹೊರಬಂದ.

"ಎಲ್ಲಿಗ್ರಿ?"

"ಸೋಮೇಶ್ವರ ಗುಡಿ ತನಕ ಹೋಗಿ ಬರ್ತೀನಿ. ಆ ಹುಡುಗಿ ಓಣ್ಯಾಗ ಸುತ್ತಿಸಿದ್ರ ಎಲ್ಲಿ ತೂಕ ಇಳೀಬೇಕು? ಗುಡೀನ ನಾಕ ಸುತ್ತ ಹಾಕಿಸ್ತೀನಿ."

ಅಂದಿನಿಂದ ಅದು ಅವನ ಕೆಲಸವಾಯಿತು. ಗುಡಿಯ ಹೊರಗಿನ ಹೂವಿನಂಗಡಿಯ ಮಂಜವ್ವ, "ಸಾವ್ಕಾರ್ರ ಹೊಟ್ಟೀನೂ ಇಳೀತು ನೋಡ್ರಿ," ಎಂದು ಸುಮಿತ್ರವ್ವನಿಗೆ ಹೇಳಿ ನಕ್ಕಳು. ಕೊನೆಯ ಸಲ ಅಂಗಡಿಯಲ್ಲಿ ತೂಗಿದಾಗ ನಾಯಿಯನ್ನು ಯಂತ್ರದ ಮೇಲಿಟ್ಟವನೂ ಅವನೇ. ಏಳಕ್ಕಿಂತ ಕಡಿಮೆ ಬಂತು. "ಆತು," ಅಂದು ಎತ್ತಿಕೊಂಡು ಬಂದ. ಅಷ್ಟೇ.

ಹೊರಡುವ ಹಿಂದಿನ ದಿನ ಸರ್ಟಿಫಿಕೇಟ್ ಬಂತು. ಕಾಂಚನಾ ಕೂಸುಗಳಿಗೆ ಹಾಕುವ ಡೈಪರ್ ತಂದು, ಬಾಲಕ್ಕೆಂದು ಕತ್ತರಿಯಿಂದ ತೂತು ಮಾಡಿದಳು. ಸುಮಿತ್ರವ್ವ ಕರದಂಟು, ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಕಟ್ಟಿದಳು. ಬಾಡಿಗೆಗೆ ಹೇಳಿದ್ದ ಶಾಹಬಾಜನ ಕಾರು ಬೆಳಕು ಹರಿಯುವ ಹೊತ್ತಿಗೆ ಬಾಗಿಲಿಗೆ ಬಂತು. ನಂದೀಶನೂ ಬೆಂಗಳೂರಿನ ತನಕ ಹೊರಟ. "ಅಂಗಡಿ ಬಿಟ್ಟು ಯಾಕ ಬರ್ತಿ?" ಅಂದರೆ, "ಚೀಲಾ ಹೊರಾಕ ಯಾರರೆ ಬೇಕಲ್ಲ," ಅಂದ. ಚನ್ನಬಸವಣ್ಣ ಕಟ್ಟೆಯ ಮೇಲೆ ನಿಂತಿದ್ದ. ಕಾರಿನ ಕಿಟಕಿಯಲ್ಲಿ ಕೈ ಹಾಕಿ ನಾಯಿಯ ತಲೆ ಸವರಿದ. ಹೆಂಡತಿಗೆ, "ಮುಟ್ಟಿದ ಕೂಡ್ಲೆ ಫೋನ್ ಹಚ್ಚು," ಎಂದು ಹೇಳಿ ಒಳಗೆ ಹೋದ.

ಬೆಂಗಳೂರಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ನಂದೀಶನನ್ನು ಒಳಗೆ ಬಿಡಲಿಲ್ಲ. ಅವನು ತಾಯಿಯ ಹೆಗಲಿಗೆ ಚೀಲ ಏರಿಸಿ, ಜಾಳಿಗೆಯೊಳಗೆ ಇಣುಕಿ, "ತಪ್ಪಾತು ಮಾರಾಯ್ತಿ, ನನ್ನ ಮ್ಯಾಲ ಸಿಟ್ಟ ಇಟ್ಕೋಬ್ಯಾಡ," ಎಂದು ನಾಯಿಗೆ ಹೇಳಿದ. ಸುಮಿತ್ರವ್ವ ಮಗನ ಬೆನ್ನ ಮೇಲೊಂದು ಪ್ರೀತಿಯ ಏಟು ಕೊಟ್ಟು ಒಳನಡೆದಳು.

ಕೌಂಟರಿನ ಹುಡುಗಿ ಎದ್ದು ನಿಂತು ನೋಡಿದಳು. "ಅಯ್ಯೋ, ಎಷ್ಟು ಮುದ್ದಾಗಿದೆ! ಅಮ್ಮಾ, ತೂಕ ನೋಡ್ಬೇಕು, ಇಲ್ಲಿ ಇಡಿ."

ಸುಮಿತ್ರವ್ವ ಚೀಲ ಇಟ್ಟಳು. ಅಂಕಿ ಏರುತ್ತ ಹೋಯಿತು. ಏಳರ ಹತ್ತಿರ ಬಂದು ತೂಗಾಡಿ ಆರೂ ಎಂಬತ್ತಕ್ಕೆ ನಿಂತಿತು. ಹುಡುಗಿ ಕಾಗದಗಳನ್ನೆಲ್ಲ ನೋಡಿ ಮುದ್ರೆ ಒತ್ತಿದಳು. "ಒಬ್ಬರೇ ಹೋಗ್ತಿದೀರಾ? ಮೊದಲನೇ ಸಲಾನಾ? ಭಯ ಇಲ್ವಾ?"

"ಎಲ್ಲಾರೂ ಹೋಗ್ತಾರಲ್ಲವಾ, ನಮಗೇನ್ ಆಗತೈತಿ," ಅಂದಳು ಸುಮಿತ್ರವ್ವ.

ತಪಾಸಣೆಯ ಹತ್ತಿರ ಚೀಲವನ್ನು ಯಂತ್ರದೊಳಗೆ ಬಿಟ್ಟು, ನಾಯಿಯನ್ನು ಎತ್ತಿಕೊಂಡು ಬರಬೇಕು ಅಂದರು. ಡೈಪರ್ ತೊಟ್ಟ ಚುರಮುರಿಯನ್ನು ಎದೆಗವಚಿಕೊಂಡು ಸುಮಿತ್ರವ್ವ ಕಮಾನಿನಂಥ ಬಾಗಿಲನ್ನು ದಾಟಿದಳು. ಬಳೆಗಳಿಗೆ ಯಂತ್ರ ಕೂಗಿಕೊಂಡಿತು. ಅದರ ಕೂಗಿಗೆ ನಾಯಿ ಬೊಗಳಿತು. ಸಾಲಿನಲ್ಲಿದ್ದ ಜನ ತಿರುಗಿ ನೋಡಿದರು. ಖಾಕಿ ತೊಟ್ಟ ಹುಡುಗಿ ನಗು ತಡೆದುಕೊಂಡು ಇಬ್ಬರ ಮೈಯನ್ನೂ ಕೈಯಂತ್ರದಿಂದ ನೋಡಿ ಬಿಟ್ಟಳು.

ವಿಮಾನದಲ್ಲಿ ಕೊನೆಯ ಸಾಲು, ಕಿಟಕಿಯ ಪಕ್ಕ. ಚೀಲವನ್ನು ಮುಂದಿನ ಸೀಟಿನ ಕೆಳಗೆ ತಳ್ಳಿ ಕೂತಳು. ಪಕ್ಕದಲ್ಲಿ ಬಂದು ಕೂತ ದಪ್ಪ ಮನುಷ್ಯ ಕೆಳಗೆ ನೋಡಿ ಹುಬ್ಬು ಗಂಟಿಕ್ಕಿದ.

"ಕುತ್ತಾ ಹೈ ಕ್ಯಾ?"

ಹಿತ್ತಲ ಮನೆಯ ಜನ್ನತಬಿಯೊಡನೆ ವರ್ಷಗಟ್ಟಲೆ ಮಾತಾಡಿ ಕಲಿತ ಭಾಷೆ ಸುಮಿತ್ರವ್ವನ ಬಾಯಲ್ಲಿ ತಯಾರಿತ್ತು. "ಹೌ. ಇಸ್ಕಾ ಭೀ ಟಿಕೀಟ್ ಹೈ," ಅಂದಳು. ಆ ಮನುಷ್ಯ ಸೀಟಿನ ಪಟ್ಟಿ ಕಟ್ಟಿಕೊಂಡ. ಅವನು ಕಟ್ಟಿದ್ದನ್ನು ನೋಡಿ ಅವಳೂ ಕಟ್ಟಿಕೊಂಡಳು.

ವಿಮಾನ ಗುಡುಗುತ್ತ ಓಡತೊಡಗಿದಾಗ ಮಾತ್ರ ಅವಳು ಸೀಟಿನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನೆಲ ಬಿಟ್ಟಾಗ ಚೀಲದೊಳಗಿಂದ ನಾಯಿ ಸಣ್ಣಗೆ ಕುಂಯ್‌ಗುಟ್ಟಿತು. ಅವಳು ಬಗ್ಗಿ ಜಿಪ್ಪಿನ ಸಂದಿಯಲ್ಲಿ ಎರಡು ಬೆರಳು ತೂರಿಸಿದಳು. "ಇಲ್ಲೇ ಅದೀನಿ ಬೇ, ಇಲ್ಲೇ ಅದೀನಿ." ಬಿಸಿ ನಾಲಿಗೆ ಬೆರಳನ್ನು ನೆಕ್ಕಿತು. ಯಾರು ಯಾರಿಗೆ ಧೈರ್ಯ ಹೇಳಿದರೋ, ಕಿಟಕಿಯ ಹೊರಗೆ ಮೋಡ ಕೆಳಗಾಗುವ ಹೊತ್ತಿಗೆ ಇಬ್ಬರೂ ಸುಮ್ಮನಾಗಿದ್ದರು.

ಸ್ವಲ್ಪ ಹೊತ್ತಿಗೆ ಪಕ್ಕದವನೇ ಮಾತು ತೆಗೆದು ನಾಯಿಯ ಹೆಸರು ಕೇಳಿದ. ಚುರಮುರಿ ಅಂದರೆ ಏನೆಂದು ಅವನಿಗೆ ತಿಳಿಯಲಿಲ್ಲ. ಸುಮಿತ್ರವ್ವ ಬೊಗಸೆಯಿಂದ ಬಾಯಿಗೆ ಹಾಕಿಕೊಳ್ಳುವ ಹಾಗೆ ಮಾಡಿ, ಕುರುಕುರು ಸದ್ದು ಮಾಡಿ ತೋರಿಸಿದಳು. "ಮಮ್ರಾ!" ಎಂದು ಅವನು ತನ್ನ ಭಾಷೆಯ ಹೆಸರು ಹೇಳಿ ತೊಡೆ ತಟ್ಟಿ ನಕ್ಕ. ಅವಳು ಕರದಂಟಿನ ಒಂದು ತುಂಡು ಮುರಿದು ಅವನ ಕೈಗಿಟ್ಟಳು.

ಅಹಮದಾಬಾದಿನಲ್ಲಿ ಇಳಿದಾಗ ಸಂಜೆಯ ಬಿಸಿಲು ಇನ್ನೂ ಸುಡುತ್ತಿತ್ತು. ಹೊರಬಾಗಿಲಲ್ಲಿ ಸೋಮೇಶ ಕೈ ಬೀಸುತ್ತ ಓಡಿಬಂದು, ಕಾಲು ಮುಟ್ಟಿ ನಮಸ್ಕಾರ ಮಾಡಿ ಚೀಲ ಇಸಿದುಕೊಂಡ. ಶೈಲಾ ಎಲ್ಲಿ ಎಂದು ನೋಡಿದರೆ, ಕಂಬದ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು. ಅತ್ತೆಯನ್ನು ಕಂಡು ನಿಧಾನವಾಗಿ ಎದ್ದು ನಿಂತಳು. ಎದ್ದವಳು ಸೆರಗನ್ನು ಎಳೆದು ಹೊಟ್ಟೆಯ ಮೇಲೆ ಹಾಕಿಕೊಂಡಳು.

ಸುಮಿತ್ರವ್ವ ನಿಂತಲ್ಲೇ ನಿಂತಳು.

"ಎಷ್ಟನೇದು?"

"ಐದರಾಗ ಐತ್ರಿ ಅತ್ತಿ." ಶೈಲಾ ತಲೆ ತಗ್ಗಿಸಿದಳು. "ಮೊದಲಿಗೆ ಸ್ವಲ್ಪ ತ್ರಾಸ ಆಗಿತ್ತು. ಓಡಾಡಬ್ಯಾಡ ಅಂದಿದ್ರು ಡಾಕ್ಟರು. ಅದಕ್ಕ ಬರಾಕ ಆಗ್ಲಿಲ್ಲ."

"ನನಗ ಯಾಕ ಹೇಳ್ಲಿಲ್ಲ?"

"ಹೆಂಗ ಹೇಳ್ಲಿ? ನಿಮಗ ಹೆಂಗ ಹೇಳ್ಲಿ ನಾನು?" ಅವಳ ಕಣ್ಣು ತುಂಬಿದವು. "ದಿನಾ ಫೋನ್ ಕೈಯಾಗ ತಗೋತಿದ್ದೆ."

ವೀರು ಮತ್ತು ಶೈಲಾ ಮಕ್ಕಳಿಗಾಗಿ ಹುಬ್ಬಳ್ಳಿಯ ಡಾಕ್ಟರ ಹತ್ತಿರ ಓಡಾಡಿದ ವರ್ಷಗಳು ಸುಮಿತ್ರವ್ವನ ಕಣ್ಣ ಮುಂದೆ ಹಾದುಹೋದವು. ಒಂದೇ ಗಳಿಗೆ. ಮರುಗಳಿಗೆ ಮುಂದೆ ಹೋಗಿ ಅವಳ ಗಲ್ಲ ಎರಡೂ ಕೈಯಲ್ಲಿ ಹಿಡಿದಳು.

"ಹುಚ್ಚಿ. ಈ ಸುದ್ದಿ ನಾಯಿಗಿಂತ ಮೊದ್ಲ ಹೇಳಬೇಕಾಗಿತ್ತು. ಗೊತ್ತಿದ್ರ ಅಂಟಿನ ಉಂಡಿ ಕಟ್ಕೊಂಡು ಬರ್ತಿದ್ನಲ್ಲ. ಕುಂಡ್ರು, ಕುಂಡ್ರು ಮೊದ್ಲ."

ಸೋಮೇಶ ಚೀಲದ ಜಿಪ್ಪು ತೆಗೆದ. ಚುರಮುರಿ ಹೊರಗೆ ತಲೆ ಹಾಕಿ ಮೂಸಿ, ಒಂದೇ ಜಿಗಿತಕ್ಕೆ ಬೆಂಚು ಏರಿ ಶೈಲಾಳ ಮುಖ, ಕಿವಿ, ಕೊರಳು ಎನ್ನದೆ ನೆಕ್ಕತೊಡಗಿತು. ಡೈಪರ್ ಜಾರಿ ಒಂದು ಕಾಲಲ್ಲಿ ಉಳಿದಿತ್ತು. ಶೈಲಾ ಅಳುತ್ತ ನಗುತ್ತ ಅದನ್ನು ಹಿಡಿಯಲಾಗದೆ ಒದ್ದಾಡಿದಳು. ಹೋಗಿ ಬರುವ ಜನ ನಿಂತು ನೋಡಿದರು.

ಅಷ್ಟರಲ್ಲಿ ಸುಮಿತ್ರವ್ವನ ಫೋನು ಕೂಗಿತು. ಚನ್ನಬಸವಣ್ಣ.

"ಮುಟ್ಟಿದ್ರೇನು?"

"ಮುಟ್ಟೀವಿ. ತಡೀರಿ, ಕೊಡ್ತೀನಿ," ಎಂದವಳೇ ಫೋನನ್ನು ಶೈಲಾಳ ಕಿವಿಗೆ ಹಿಡಿದಳು. ಶೈಲಾ ಗಾಬರಿಯಾಗಿ ತಲೆ ಅಲ್ಲಾಡಿಸಿದಳು. ಸುಮಿತ್ರವ್ವ ಕೈ ತೆಗೆಯಲಿಲ್ಲ.

"ಮಾವಾರ..."

ಆ ಕಡೆ ಅಂಗಡಿಯ ಗದ್ದಲ ಮಾತ್ರ ಕೇಳಿಸುತ್ತಿತ್ತು. ಹಮಾಲರ ಕೂಗು, ಲಾರಿಯ ಸದ್ದು. ಆಮೇಲೆ ಅವನ ದನಿ ಬಂತು. "ಆರಾಮ ಅದಿಯೇನವ್ವ?"

"ಆರಾಮ ಅದೀನ್ರಿ."

ಸುಮಿತ್ರವ್ವ ಫೋನನ್ನು ತನ್ನ ಕಿವಿಗೆ ತಂದಳು. "ಕೇಳ್ರಿ. ಶೈಲಾ ಬಸಿರದಾಳ. ಐದರಾಗ ಅದಾಳ. ನಾ ನಾಕ ದಿನಕ್ಕ ತಿರುಗಿ ಬರಂಗಿಲ್ಲ, ಈಗ ಹೇಳ್ತೀನಿ. ತಿಂಗಳಾನುಗಟ್ಲೆ ಆದೀತು. ಕಾಂಚನಾಗ ಹೇಳ್ರಿ, ಮನಿ ಸಂಭಾಳಿಸ್ತಾಳ."

ಮತ್ತೆ ಲಾರಿಯ ಸದ್ದು. ಸಂಪರ್ಕ ಕಡಿದುಹೋಯಿತೇನೋ ಎಂದು ಅವಳು ಫೋನನ್ನು ಕಣ್ಣ ಮುಂದೆ ಹಿಡಿದು ನೋಡಿದಳು. ಕಡಿದಿರಲಿಲ್ಲ.

"ಕುಬಸ ಯಾರ್ ಮಾಡ್ತಾರ?" ಎಂದ ಚನ್ನಬಸವಣ್ಣ.

"ಅಂದ್ರ?"

"ಏಳನೇ ತಿಂಗಳಿಗೆ ತವರುಮನಿಯವ್ರು ಬಸುರಿಗೆ ಕುಬಸ ಒಯ್ಯಬೇಕಲ್ಲ. ಆಕಿ ಅಣ್ಣ, ಆ ಶಿರಹಟ್ಟಿಯಾಂವ, ಏನ್ ಒಯ್ತಾನ? ಹಸರ ಸೀರಿ ಇಲ್ಲೇ ಗದಗಿನ್ಯಾಗ ತಗೋತೀನಿ. ಕಾಂಚನಾನ್ನ ಕರ್ಕೊಂಡು ಹೋಗಿ ತಗೋತೀನಿ. ಆಕಿಗೆ ಬರಾಕ ಆಗದಿದ್ರ ನಾವ ಬರ್ತೀವಿ ಅಲ್ಲಿಗೆ." ಒಂದು ಉಸಿರು ತೆಗೆದುಕೊಂಡು ಸಣ್ಣ ದನಿಯಲ್ಲಿ ಕೇಳಿದ: "ವಿಮಾನದಾಗ ಕುಂಡ್ರೂದು ಹೆಂಗ? ಭಾಳ ತ್ರಾಸ ಆಗತೈತೇನು?"

ಸುಮಿತ್ರವ್ವ ಶೈಲಾಳನ್ನು ನೋಡಿದಳು. ಅವಳು ಪಕ್ಕದಲ್ಲೇ ಎಲ್ಲವನ್ನೂ ಕೇಳಿಸಿಕೊಂಡು, ನಾಯಿಯ ಬೆನ್ನಿನಲ್ಲಿ ಮುಖ ಹುದುಗಿಸಿದ್ದಳು.

"ಏನೂ ಇಲ್ರಿ," ಅಂದಳು ಸುಮಿತ್ರವ್ವ. "ಕುಂತು ಪಟ್ಟಿ ಕಟ್ಕೊಂಡ್ರ ಆತು. ಅದ ಒಯ್ದು ಮುಟ್ಟಿಸತೈತಿ."